ಉಪವಾಸದಲ್ಲಿ ಹೊಗೆಸೊಪ್ಪು: ಮಿದುಳಿನ ಶಕ್ತಿಗೂ ವ್ರತಕ್ಕೂ ಒದಗುವ ಹಾನಿ

ಅಷ್ಟಮಿ-ಚತುರ್ದಶಿಗಳಲ್ಲಿ ಅನ್ನವನ್ನು ಮುಟ್ಟದ, ಸೂರ್ಯಾಸ್ತದ ಬಳಿಕ ನೀರನ್ನೂ ಸ್ವೀಕರಿಸದ ಶ್ರಾವಕರಲ್ಲಿಯೂ ಕೆಲವರು ಮಧ್ಯಾಹ್ನದ ಹೊತ್ತಿಗೆ ಒಂದು ಚಿಟಿಕೆ ಕಡ್ಡಿಪುಡಿಯನ್ನು ದವಡೆಗೆ ಒತ್ತರಿಸಿಕೊಳ್ಳುವುದುಂಟು. ಕೆಲವರು ನಶ್ಯವನ್ನು ಏರಿಸುವರು. ಇನ್ನು ಕೆಲವರು ಬಸದಿಯ ಪ್ರಾಕಾರದಿಂದ ಹೊರಬಂದು ಬೀಡಿ ಹಚ್ಚುವರು. ಇದು ಆಹಾರವಲ್ಲ, ಹೊಟ್ಟೆಗೆ ಇಳಿಯುವುದಿಲ್ಲ, ಆದುದರಿಂದ ವ್ರತಭಂಗವಿಲ್ಲ ಎಂಬುದು ಇವರೆಲ್ಲರ ಸಮಾಧಾನ. ಈ ಸಮಾಧಾನವು ಶಾಸ್ತ್ರದ ಮುಂದೆ ನಿಲ್ಲುವುದೇ, ಶರೀರವಿಜ್ಞಾನದ ಮುಂದೆ ನಿಲ್ಲುವುದೇ ಎಂಬೆರಡು ಪ್ರಶ್ನೆಗಳು ಈ ಪಾಠದ ವಿಷಯ. ಬಹುಕಾಲ ಹೊಗೆಸೊಪ್ಪನ್ನು ಬಳಸಿದವರ ಮಿದುಳು ತನ್ನ ಶಕ್ತಿಯನ್ನು ಪಡೆಯುವ ಕ್ರಮದಲ್ಲಿ ಯಾವ ವ್ಯತ್ಯಾಸವಾಗುವುದು, ಆ ವ್ಯತ್ಯಾಸವನ್ನು ಸರಿಪಡಿಸಲು ವ್ರತಗಳ ಕಾಲಕ್ರಮವು ಹೇಗೆ ನೆರವಾಗುವುದು ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಶಾಸ್ತ್ರದೃಷ್ಟಿ

ಪ್ರಾಚೀನ ಶ್ರಾವಕಾಚಾರ ಗ್ರಂಥಗಳಲ್ಲಿ ಹೊಗೆಸೊಪ್ಪಿನ ಹೆಸರಿಲ್ಲ. ಇರುವುದಕ್ಕೆ ಕಾರಣವೂ ಇಲ್ಲ. ಈ ಗಿಡವು ಅಮೆರಿಕ ಖಂಡದ್ದು. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು. ಮೊಗಲ್ ಬಾದಶಹ ಜಹಾಂಗೀರನು 1617ರಲ್ಲಿ ಇದರ ಸೇವನೆಯನ್ನು ನಿಷೇಧಿಸಿದನೆಂದರೆ ಅಷ್ಟರೊಳಗೆ ಚಟವು ಎಷ್ಟು ಹಬ್ಬಿತ್ತೆಂಬುದು ತಿಳಿಯುತ್ತದೆ. ಹೆಸರಿಲ್ಲದ ಮಾತ್ರಕ್ಕೆ ಅನುಮತಿಯಿದೆಯೆಂದು ತಿಳಿಯಬಾರದು. ಆಚಾರ್ಯರು ವಸ್ತುಗಳ ಪಟ್ಟಿಯನ್ನಷ್ಟೇ ಕೊಡದೆ, ಹೊಸ ವಸ್ತುವನ್ನು ಅಳೆಯುವ ಅಳತೆಗೋಲನ್ನೂ ಕೊಟ್ಟಿದ್ದಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಮೂರು ಗುಣವ್ರತಗಳಲ್ಲಿ ಒಂದಾಗಿ ಹೇಳಿರುವರು. ಒಮ್ಮೆ ಬಳಸಿ ಮುಗಿಯುವಂಥದು ಭೋಗ. ಮತ್ತೆ ಮತ್ತೆ ಬಳಸಲು ಬರುವಂಥದು ಉಪಭೋಗ. ಈ ಪ್ರಕರಣದಲ್ಲಿ ಅವರು, ಪ್ರಾಣಿಹಿಂಸೆಯ ಕಾರಣದಿಂದ ಬಿಡತಕ್ಕವುಗಳನ್ನು ಹೇಳಿದ ಮೇಲೆ, ಶರೀರಕ್ಕೆ ಅನಿಷ್ಟವಾದುದನ್ನೂ ಸತ್ಪುರುಷರಿಗೆ ಸೇವನಾರ್ಹವಲ್ಲದುದನ್ನೂ ಬಿಡಬೇಕೆಂದು ವಿಧಿಸುತ್ತಾರೆ. ಹೊಗೆಸೊಪ್ಪು ಅನಿಷ್ಟವೆಂಬುದನ್ನು ಮುಂದಿನ ವಿವರಣೆಯು ತೋರಿಸುವುದು. ಬೀಡಿ-ಸಿಗರೇಟುಗಳಲ್ಲಿಯಾದರೆ ಅಗ್ನಿಕಾಯಿಕ, ವಾಯುಕಾಯಿಕ ಜೀವಗಳ ನಿಷ್ಪ್ರಯೋಜಕ ಹಿಂಸೆಯೂ ಸೇರುವುದರಿಂದ ಅನರ್ಥದಂಡದ ದೋಷವೂ ತಗಲುತ್ತದೆ.

ಪ್ರೋಷಧೋಪವಾಸದ ವಿಷಯದಲ್ಲಿ ಅದೇ ಗ್ರಂಥದ ವಿಧಿಯು ಇನ್ನೂ ಸ್ಪಷ್ಟವಾಗಿದೆ. ಅಂದು ಚತುರ್ವಿಧ ಆಹಾರವನ್ನೂ ತ್ಯಜಿಸಬೇಕು. ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೆಂಬ ನಾಲ್ಕರಲ್ಲಿ ಬಾಯಿಯಲ್ಲಿಟ್ಟು ರಸವನ್ನು ಆಸ್ವಾದಿಸುವ ತಾಂಬೂಲಾದಿಗಳು ಸ್ವಾದ್ಯದಲ್ಲಿ ಅಡಗುವುವು. ಕಡ್ಡಿಪುಡಿಯನ್ನು ನುಂಗದಿದ್ದರೂ ಅದು ಸ್ವಾದ್ಯವೇ. ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನಗಳ ಜೊತೆಗೆ ನಸ್ಯವನ್ನೂ ಪರಿಹರಿಸಬೇಕೆಂಬ ಮಾತು ಅಲ್ಲಿದೆ. ಆಗಿನ ನಸ್ಯವು ಮೂಗಿಗೆ ಹಾಕುವ ಔಷಧ, ಹೊಗೆಸೊಪ್ಪಿನ ಪುಡಿಯಲ್ಲ. ಆದರೆ ಔಷಧರೂಪದ ನಸ್ಯವೇ ಉಪವಾಸಕ್ಕೆ ಸಲ್ಲದಿರುವಾಗ ಚಟದ ನಶ್ಯವು ಸಲ್ಲುವುದೆಂದು ವಾದಿಸುವುದು ಹೇಗೆ? ಬಾಯಿಯಿಂದ ಹೊಟ್ಟೆಗೆ ಇಳಿಯುವುದು ಮಾತ್ರವೇ ಆಹಾರ ಎಂಬ ತರ್ಕವನ್ನು ಆಚಾರ್ಯರು ಹೀಗೆ ಮೊದಲೇ ಮುಚ್ಚಿರುವರು.

ಮೂರು ಊರುಗಳ ರೂಢಿ

ತುಮಕೂರು ಸೀಮೆಯನ್ನು ಕಲ್ಪತರು ನಾಡೆಂದು ಕರೆಯುವರು. ತೆಂಗಿನೊಡನೆ ಅಡಿಕೆಯೂ ಇಲ್ಲಿಯ ಬದುಕು. ಗುಬ್ಬಿಯ ಸುತ್ತಿನ ತೋಟಗಳಲ್ಲಿ ಅಡಿಕೆಯೂ ವೀಳ್ಯದೆಲೆಯೂ ಕೈಗೆಟಕುವಂತಿರುವಾಗ ಎಲೆ-ಅಡಿಕೆ ಹಾಕಿಕೊಳ್ಳುವುದು ಮರ್ಯಾದೆಯ ಭಾಗವೇ ಆಗಿ ಬಂದಿದೆ. ಆ ಮರ್ಯಾದೆಯ ಬೆನ್ನಿಗೆ ಹೊಗೆಸೊಪ್ಪಿನ ಎಸಳು ಮೆಲ್ಲನೆ ಸೇರಿಕೊಳ್ಳುತ್ತದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ, 12ನೆಯ ಶತಮಾನದ ಶಾಂತೀಶ್ವರ ಬಸದಿ ಇಂದಿಗೂ ನಿಂತಿದೆ. ಆ ಬಸದಿಯನ್ನು ಕಟ್ಟಿಸಿದ ಕಾಲದ ಶ್ರಾವಕರು ತಾಂಬೂಲವನ್ನು ಕಂಡಿದ್ದರು, ಹೊಗೆಸೊಪ್ಪನ್ನು ಕಂಡಿರಲಿಲ್ಲ. ಪರಂಪರೆಯೆಂದು ಹೇಳಿಕೊಳ್ಳುವ ಈ ಅಭ್ಯಾಸಕ್ಕೆ ಪರಂಪರೆಯಲ್ಲಿ ಅಷ್ಟು ಆಳದ ಬೇರಿಲ್ಲವೆಂಬುದನ್ನು ಇದು ನೆನಪಿಸುತ್ತದೆ. ಅಡಿಕೆಯು ತಾನಾಗಿಯೇ ನಿರಪಾಯಕಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿದೆ.

ತುಮಕೂರು ನಗರದಲ್ಲಿ ಬೀಡಿ ಸುತ್ತುವುದು ಅನೇಕ ಬಡ ಮನೆಗಳ ಹೆಂಗಸರ ಸಂಪಾದನೆ. ಅವರಲ್ಲಿ ಬೀಡಿಯನ್ನು ಎಂದೂ ಸೇದದವರೇ ಹೆಚ್ಚು. ಆದರೂ ಹೊಗೆಸೊಪ್ಪಿನ ಪುಡಿಯನ್ನು ದಿನವಿಡೀ ಮುಟ್ಟುವುದರಿಂದ ನಿಕೋಟಿನ್ ಚರ್ಮದ ಮೂಲಕವೂ ಧೂಳಿನ ಮೂಲಕವೂ ಅವರ ದೇಹವನ್ನು ಸೇರುತ್ತದೆ. ಸೇದುವವನ ಪಾಪದಲ್ಲಿ ಸುತ್ತುವವಳ ಪಾಲನ್ನು ಹುಡುಕುವುದು ಸರಿಯಲ್ಲ. ಒಂದು ಬೀಡಿಯ ಹಿಂದೆ ಇನ್ನೊಂದು ಜೀವದ ದಣಿವೂ ಇದೆಯೆಂದು ಸೇದುವವನು ತಿಳಿಯಬೇಕು. ಬೆಂಗಳೂರು-ಹಾಸನ ಹೆದ್ದಾರಿಯ ಮೇಲಿರುವ ಕುಣಿಗಲ್ಲಿನಲ್ಲಿ ದಾರಿಹೋಕರ ಅಂಗಡಿಗಳೇ ಚಟದ ದ್ವಾರಗಳು. ಚಾಲಕರೂ ವ್ಯಾಪಾರಿಗಳೂ ನಿದ್ರೆಯನ್ನು ತಡೆಯಲೆಂದು ಆರಂಭಿಸಿದ ಅಭ್ಯಾಸವು ನಿದ್ರೆಯೊಡನೆ ನೆಮ್ಮದಿಯನ್ನೂ ಕಳೆಯುತ್ತದೆ.

ದೇಶದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ 2009-10ರಲ್ಲಿ ಕರ್ನಾಟಕದ ವಯಸ್ಕರಲ್ಲಿ 28.2 ಪ್ರತಿಶತ ಜನ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪನ್ನು ಬಳಸುತ್ತಿದ್ದರು; 2016-17ರ ವೇಳೆಗೆ ಈ ಪ್ರಮಾಣವು 22.8ಕ್ಕೆ ಇಳಿಯಿತು. ಇವರಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು. 2013ರ ಮೇ ತಿಂಗಳಿನಲ್ಲಿ ರಾಜ್ಯವು ಗುಟ್ಕಾವನ್ನು ನಿಷೇಧಿಸಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು. ನಾಲಗೆಯ ಬಾಗಿಲನ್ನು ಮುಚ್ಚತಕ್ಕದ್ದು ವ್ರತ.

ಮಿದುಳಿನ ಆಹಾರ

ವಯಸ್ಕನ ಮಿದುಳಿನ ತೂಕವು ದೇಹದ ತೂಕದಲ್ಲಿ ಸುಮಾರು 2 ಪ್ರತಿಶತ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು 20 ಪ್ರತಿಶತ ಮಿದುಳಿಗೇ ಸಲ್ಲುತ್ತದೆ. ದಿನಕ್ಕೆ 100ರಿಂದ 120 ಗ್ರಾಮ್ ಗ್ಲೂಕೋಸ್ ಅದಕ್ಕೆ ಬೇಕು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಇರುವಂತೆ ದೊಡ್ಡ ಸಂಗ್ರಹವು ಮಿದುಳಿನಲ್ಲಿಲ್ಲ. ಕ್ಷಣಕ್ಷಣವೂ ರಕ್ತದಿಂದ ತೆಗೆದುಕೊಂಡೇ ಅದು ಬದುಕಬೇಕು.

ಬಸದಿಯ ಗರ್ಭಗೃಹದ ನಂದಾದೀಪಕ್ಕೆ ಎಣ್ಣೆ, ಗಾಳಿ, ಬತ್ತಿ ಎಂಬ ಮೂರೂ ಸರಿಯಿರಬೇಕು. ಮಿದುಳಿನ ದೀಪಕ್ಕೆ ಗ್ಲೂಕೋಸ್ ಎಣ್ಣೆ, ಆಮ್ಲಜನಕವು ಗಾಳಿ, ನರಕೋಶಗಳೊಳಗಿನ ಮೈಟೋಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳು ಬತ್ತಿ. ಗ್ಲೂಕೋಸ್ ರಕ್ತನಾಳದ ಗೋಡೆಯನ್ನು ದಾಟಿ ಮಿದುಳನ್ನು ಹೊಗಲು ವಿಶೇಷ ವಾಹಕ ಪ್ರೋಟೀನುಗಳಿವೆ. ಒಳಹೊಕ್ಕ ಗ್ಲೂಕೋಸ್ ಆಮ್ಲಜನಕದೊಡನೆ ಪೂರ್ತಿ ಉರಿದಾಗ ಅದರ ಒಂದು ಅಣುವಿನಿಂದ ಸುಮಾರು 30 ಎ.ಟಿ.ಪಿ. ಅಣುಗಳು ದೊರೆಯುವುವು. ಎ.ಟಿ.ಪಿ. ಎಂಬುದು ಜೀವಕೋಶದ ಚಲಾವಣೆಯ ನಾಣ್ಯ. ಆಮ್ಲಜನಕವಿಲ್ಲದೆ ಅರೆಬರೆ ಉರಿದರೆ ದೊರೆಯುವುದು ಎರಡೇ. ಈ ನಾಣ್ಯದ ಬಹುಭಾಗವು ನರಕೋಶದ ಒಳಗೂ ಹೊರಗೂ ಲವಣಗಳ ಸಮತೋಲವನ್ನು ಕಾಯುವುದಕ್ಕೆ ವ್ಯಯವಾಗುತ್ತದೆ. ಈ ಸಮತೋಲವಿಲ್ಲದೆ ಸ್ಮರಣೆಯೂ ಇಲ್ಲ, ಅವಧಾನವೂ ಇಲ್ಲ, ಸಾಮಾಯಿಕದ ಏಕಾಗ್ರತೆಯೂ ಇಲ್ಲ.

ಉಪವಾಸದಲ್ಲಿ ಈ ದೀಪವು ಆರುವುದಿಲ್ಲ. ಮೊದಲ ದಿನ ಯಕೃತ್ತಿನ ಸಂಗ್ರಹವು ಗ್ಲೂಕೋಸನ್ನು ಒದಗಿಸುತ್ತದೆ. ಉಪವಾಸವು ಮುಂದುವರಿದರೆ ದೇಹದ ಕೊಬ್ಬಿನಿಂದ ಕೀಟೋನುಗಳೆಂಬ ಪದಾರ್ಥಗಳು ಹುಟ್ಟಿ ಮಿದುಳಿಗೆ ಎರಡನೆಯ ಇಂಧನವಾಗುವುವು. ಅಮೆರಿಕೆಯ ಜಾರ್ಜ್ ಕೇಹಿಲ್ ಮತ್ತು ಅವರ ಸಂಗಡಿಗರು ದೀರ್ಘೋಪವಾಸಿಗಳ ಮಿದುಳು ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಕೀಟೋನುಗಳಿಂದ ಪಡೆಯುವುದೆಂದು 1967ರಲ್ಲಿ ತೋರಿಸಿದರು. ಆರೋಗ್ಯವಂತನ ಮಿತವಾದ ಉಪವಾಸಕ್ಕೆ ದೇಹದಲ್ಲಿಯೇ ಏರ್ಪಾಡಿದೆ. ಆ ಏರ್ಪಾಡಿಗೆ ನಿಕೋಟಿನ್ನಿನ ಅಗತ್ಯವು ಎಳ್ಳಷ್ಟೂ ಇಲ್ಲ.

ನಿಕೋಟಿನ್ ಒಳಹೊಗುವ ಬಗೆ

ನಿಕೋಟಿನ್ ಹೊಗೆಸೊಪ್ಪಿನ ಗಿಡವು ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸುವ ವಿಷ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 1828ರಲ್ಲಿ ಇದನ್ನು ಬೇರ್ಪಡಿಸಲಾಯಿತು. ಹೊಗೆಯೊಡನೆ ಎಳೆದಾಗ 10ರಿಂದ 20 ಸೆಕೆಂಡುಗಳಲ್ಲಿ ಇದು ಮಿದುಳನ್ನು ಮುಟ್ಟುತ್ತದೆ. ಅಗಿಯುವಾಗ ನಿಧಾನವಾಗಿ ಏರುತ್ತದೆ. ಆದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಸುಣ್ಣವನ್ನು ಬೆರೆಸಿದಾಗ ಕ್ಷಾರಗುಣದಿಂದ ನಿಕೋಟಿನ್ ಬಾಯಿಯ ಒಳಪೊರೆಯನ್ನು ಇನ್ನೂ ಸುಲಭವಾಗಿ ದಾಟುತ್ತದೆ. ನುಂಗದೆ ಉಗುಳಿದರೂ ವಸ್ತುವು ರಕ್ತವನ್ನು ಸೇರಿಯೇ ಇರುತ್ತದೆ. ಹೊಟ್ಟೆಗೆ ಇಳಿಯಲಿಲ್ಲವೆಂಬ ಸಮಾಧಾನಕ್ಕೆ ಶರೀರವಿಜ್ಞಾನದಲ್ಲಿಯೂ ಆಧಾರವಿಲ್ಲ.

ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಹಜ ಸಂದೇಶವಾಹಕಕ್ಕೆಂದು ಇರುವ ಗ್ರಾಹಕಗಳಲ್ಲಿ ನಿಕೋಟಿನ್ ಹೋಗಿ ಕೂರುತ್ತದೆ. ಒಂದು ಪೂರ್ಣ ಸಿಗರೇಟು ಈ ಗ್ರಾಹಕಗಳ ಮುಖ್ಯ ವರ್ಗದಲ್ಲಿ 88 ಪ್ರತಿಶತಕ್ಕೂ ಹೆಚ್ಚನ್ನು ಆಕ್ರಮಿಸುವುದೆಂದು ಕ್ಯಾಲಿಫೋರ್ನಿಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಒಂದೆರಡು ದಮ್ಮುಗಳೇ ಅರ್ಧದಷ್ಟನ್ನು ಮೂರು ಗಂಟೆಗಳ ಕಾಲ ತುಂಬಿಬಿಡುತ್ತವೆ. ಬಹುಕಾಲ ಹೀಗೆ ನಡೆದರೆ ಮಿದುಳು ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಹೆಚ್ಚಿದ ಗ್ರಾಹಕಗಳು ಖಾಲಿಯಾದಾಗ ಚಡಪಡಿಕೆ ಹುಟ್ಟುವುದು. ಚಟವೆಂದು ಜನರು ಕರೆಯುವ ಸ್ಥಿತಿಯ ಒಂದು ಮುಖ್ಯ ಬೇರು ಇದೇ. ಆದುದರಿಂದ ಚಟಕ್ಕೆ ಸಿಕ್ಕವನನ್ನು ಮನೋದಾರ್ಢ್ಯವಿಲ್ಲದವನೆಂದು ಹೀಯಾಳಿಸುವುದು ಅಜ್ಞಾನ.

ಎಣ್ಣೆ, ಗಾಳಿ, ಬತ್ತಿ: ಮೂರೆಡೆಯ ಹಾನಿ

ಮೊದಲನೆಯದು ಎಣ್ಣೆಯ ಹಂಚಿಕೆ. ನಿಕೋಟಿನ್ ಗ್ರಾಹಕಗಳು ದಟ್ಟವಾಗಿರುವ ಕೆಲವು ಭಾಗಗಳಲ್ಲಿ ಗ್ಲೂಕೋಸಿನ ವ್ಯಯವು ಏರುವುದೆಂದು ಇಲಿಗಳ ಮೇಲಣ ಪರೀಕ್ಷೆಗಳು 1980ರ ದಶಕದಲ್ಲಿಯೇ ತೋರಿಸಿದವು. ಮನುಷ್ಯರಲ್ಲಿ ನಿಕೋಟಿನ್ನನ್ನು ರಕ್ತಕ್ಕೆ ನೇರವಾಗಿ ಕೊಟ್ಟು ಮಾಡಿದ, 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇಡೀ ಮಿದುಳಿನ ಗ್ಲೂಕೋಸ್ ಬಳಕೆಯು ಸುಮಾರು 10 ಪ್ರತಿಶತ ತಗ್ಗಿತು. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಕೆಲವು ಕೋಣೆಗಳಲ್ಲಿ ದೀಪವನ್ನು ಭುಗಿಲೆಬ್ಬಿಸಿ ಇಡೀ ಮನೆಯ ಬೆಳಕನ್ನು ತಗ್ಗಿಸಿದಂತೆ ಅದರ ವರ್ತನೆ. ಸೇದಿದ ಕೂಡಲೇ ಅವಧಾನವು ಚುರುಕಾಯಿತೆಂದು ಅನಿಸುವುದು ಸುಳ್ಳಲ್ಲ; ಆದರೆ ನಿತ್ಯ ಸೇದುವವನಲ್ಲಿ ಆ ಚುರುಕಿನ ಬಹುಪಾಲು, ಹಿಂದಿನ ಬೀಡಿಯು ಇಳಿದಾಗ ಉಂಟಾದ ಮಂಕು ತೊಲಗಿದುದಷ್ಟೇ. ಇದರ ಜೊತೆಗೆ ನಿಕೋಟಿನ್ ಅಡ್ರಿನಲಿನ್ ಮುಂತಾದ ರಸಗಳನ್ನು ಹೊರಡಿಸಿ ದೇಹದ ಸಕ್ಕರೆಯ ನಿಯಂತ್ರಣವನ್ನು ಕೆಡಿಸುತ್ತದೆ. ಸೇದುವವರಿಗೆ ಮಧುಮೇಹದ ಸಂಭವವು ಸೇದದವರಿಗಿಂತ 30ರಿಂದ 40 ಪ್ರತಿಶತ ಹೆಚ್ಚು.

ಎರಡನೆಯದು ಗಾಳಿ. ಇದು ಸೇದುವವರ ವಿಶೇಷ ಹಾನಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ಅಂಟಿಕೊಳ್ಳುತ್ತದೆ. ಹೆಚ್ಚು ಸೇದುವವರ ಹಿಮೋಗ್ಲೋಬಿನ್ನಿನಲ್ಲಿ 5ರಿಂದ 10 ಪ್ರತಿಶತ ಹೀಗೆ ನಿರುಪಯೋಗವಾಗಿರುತ್ತದೆ. ತುಮಕೂರಿನ ಬಳಿಯ ಮಂದರಗಿರಿಯ ಮೆಟ್ಟಿಲುಗಳನ್ನು ಏರುವಾಗ ಸೇದುವವನು ನಡುವಿನಲ್ಲಿಯೇ ಏದುಸಿರು ಬಿಡುವುದಕ್ಕೆ ಶ್ವಾಸಕೋಶದ ದೋಷದೊಡನೆ ಇದೂ ಒಂದು ಕಾರಣ. ಕಾಲುಗಳಿಗೆ ತಟ್ಟಿದ ಆ ಕೊರತೆಯು ಮಿದುಳಿಗೂ ತಟ್ಟದಿರದು. ಇದರ ಮೇಲೆ ರಕ್ತನಾಳಗಳು ಪೆಡಸಾಗಿ ಕಿರಿದಾಗುವುದರಿಂದ ಪಾರ್ಶ್ವವಾಯುವಿನ ಭಯವೂ ಹೆಚ್ಚುವುದು.

ಮೂರನೆಯದು ಬತ್ತಿ. ಮೈಟೋಕಾಂಡ್ರಿಯದಲ್ಲಿ ಉಸಿರಾಟದ ಕ್ರಿಯೆಯು ಒಂದರ ಬಳಿಕ ಒಂದು ಘಟ್ಟವಾಗಿ ನಡೆಯುತ್ತದೆ. ಇಲಿಯ ಮಿದುಳಿನಿಂದ ತೆಗೆದ ಮೈಟೋಕಾಂಡ್ರಿಯಗಳಲ್ಲಿ ನಿಕೋಟಿನ್ ಮೊದಲನೆಯ ಘಟ್ಟಕ್ಕೇ ಅಂಟಿಕೊಂಡು ಉಸಿರಾಟದ ಗತಿಯನ್ನು ತಗ್ಗಿಸುವುದೆಂದು 2001ರಲ್ಲಿ ಪ್ರಕಟವಾಯಿತು. ಅಮೆರಿಕೆಯ ಮಯಾಮಿ ವಿಶ್ವವಿದ್ಯಾಲಯದಲ್ಲಿ ಹೆಣ್ಣಿಲಿಗಳಿಗೆ ದಿನಗಟ್ಟಲೆ ನಿಕೋಟಿನ್ ಕೊಟ್ಟು ನೋಡಿದಾಗ, ಸ್ಮರಣೆಗೆ ಆಧಾರವಾದ ಮಿದುಳಿನ ಭಾಗದಲ್ಲಿ ಕೊನೆಯ ಘಟ್ಟವು ಕುಗ್ಗಿದ್ದಿತು; ರಕ್ತಸಂಚಾರವು ನಿಂತಾಗ ಅಂಥ ಮಿದುಳಿಗೆ ಆದ ನಾಶವೂ ಹೆಚ್ಚಾಗಿತ್ತು. ಎಣ್ಣೆಯಿದ್ದರೂ ಕರಕಾದ ಬತ್ತಿಯು ಉರಿಯದು. ಈ ಜ್ಞಾನವು ಮೂಕಜೀವಗಳ ಸಂಕಟದಿಂದ ಬಂದದ್ದೆಂಬುದು ಅಹಿಂಸಾವ್ರತಿಗೆ ಭಾರವಾದ ಮಾತು. ಆ ಸಂಕಟದಿಂದ ತಿಳಿದುಬಂದುದನ್ನು ಕಡೆಗಣಿಸಿ ಸೇದುತ್ತ ಕೂರುವುದು ಅದಕ್ಕಿಂತಲೂ ಭಾರವಾದುದು.

ಅಗಿಯುವವರಿಗೆ ಎರಡನೆಯ ಹಾನಿಯಲ್ಲಿ ಹೊಗೆಯ ಪಾಲು ಇಲ್ಲ. ಉಳಿದ ಎರಡರಿಂದ ಅವರು ಪಾರಾಗುವಂತಿಲ್ಲ. ಬಾಯಿಯ ಕ್ಯಾನ್ಸರು ಅವರ ಬೆನ್ನಿಗೇ ಇದೆ.

ಇಷ್ಟರ ಒಟ್ಟು ಪರಿಣಾಮವು ವಯಸ್ಸಾದ ಮೇಲೆ ಕಾಣಿಸಿಕೊಳ್ಳುತ್ತದೆ. ಸ್ಕಾಟ್ಲೆಂಡಿನಲ್ಲಿ 1936ರಲ್ಲಿ ಜನಿಸಿದವರ ಪೈಕಿ 504 ಮಂದಿಯನ್ನು, ಅವರ ಸರಾಸರಿ ವಯಸ್ಸು 73 ಆಗಿದ್ದಾಗ ಪರೀಕ್ಷಿಸಿ, ಸೇದುವವರ ಮಿದುಳಿನ ಹೊರಪದರವು ಸೇದದವರದಕ್ಕಿಂತ ತೆಳುವಾಗಿರುವುದೆಂದು 2015ರಲ್ಲಿ ವರದಿ ಮಾಡಲಾಯಿತು. ಇಂಗ್ಲೆಂಡಿನ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 2020ರಲ್ಲಿಯೂ 2024ರಲ್ಲಿಯೂ ಮರೆವಿನ ರೋಗದ ನಿವಾರಿಸಬಹುದಾದ ಕಾರಣಗಳ ಪಟ್ಟಿಯಲ್ಲಿ ಧೂಮಪಾನವನ್ನು ಸೇರಿಸಿದೆ. ಸ್ವಾಧ್ಯಾಯ, ವ್ರತಸ್ಮರಣೆ, ಕೊನೆಗೆ ಸಲ್ಲೇಖನೆಯ ಸಮಾಧಿಭಾವ ಇವೆಲ್ಲವೂ ಎಚ್ಚರವಾದ ಚಿತ್ತವನ್ನು ಬಯಸುವುವು. ಆಯುಷ್ಯದ ಕೊನೆಯಲ್ಲಿ ಣಮೋಕಾರ ಮಂತ್ರವೇ ನೆನಪಿಗೆ ಬಾರದಂತಾದರೆ ಆ ನಷ್ಟವನ್ನು ಯಾವ ಲೆಕ್ಕದಲ್ಲಿ ತುಂಬಲಾದೀತು?

ಹಸಿವನ್ನು ಮರೆಮಾಡುವ ತಪಸ್ಸು

ಉಪವಾಸದ ದಿನ ಹೊಗೆಸೊಪ್ಪು ಹಾಕಿಕೊಂಡರೆ ಹಸಿವು ತಿಳಿಯುವುದಿಲ್ಲವೆಂದು ಹೇಳುವವರಿದ್ದಾರೆ. ಅವರ ಅನುಭವವು ನಿಜ. ನಿಕೋಟಿನ್ ಮಿದುಳಿನ ತಳಭಾಗದಲ್ಲಿ ತೃಪ್ತಿಯನ್ನು ಸೂಚಿಸುವ ನರಕೋಶಗಳನ್ನು ಕೆರಳಿಸಿ ಹಸಿವನ್ನು ಅಡಗಿಸುವುದೆಂದು ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದರು. ಅದೇ ಹೊತ್ತಿನಲ್ಲಿ ಅಡ್ರಿನಲಿನ್ ಯಕೃತ್ತಿನ ಸಂಗ್ರಹವನ್ನು ಹೊರಡಿಸುವುದರಿಂದ ಕ್ಷಣಕಾಲ ಬಲ ಬಂದಂತೆಯೂ ಆಗುತ್ತದೆ. ಆ ಬಲವು ಹೊರಗಿನಿಂದ ಬಂದುದಲ್ಲ. ಸಂಜೆಯವರೆಗೆ ಸಾಲತಕ್ಕ ಬುತ್ತಿಯನ್ನು ಮಧ್ಯಾಹ್ನವೇ ಬಿಚ್ಚಿದಂತೆ.

ಅನಶನವು ಬಾಹ್ಯತಪಸ್ಸುಗಳಲ್ಲಿ ಮೊದಲನೆಯದು. ಕ್ಷುಧೆಯನ್ನು ಅರಿತು, ಅದರಲ್ಲಿ ಸಮಭಾವವನ್ನು ತಾಳುವುದು ಅದರ ಉದ್ದೇಶ. ಹಸಿವೇ ತಿಳಿಯದಂತೆ ಮಿದುಳನ್ನು ಮರೆಸಿದ ಮೇಲೆ ಜಯಿಸಿದ್ದಾದರೂ ಏನನ್ನು? ಊಟವನ್ನು ಬಿಟ್ಟು ಚಟವನ್ನು ಉಳಿಸಿಕೊಂಡವನು ಸುಲಭವಾದುದನ್ನು ತ್ಯಜಿಸಿ ಕಷ್ಟವಾದುದನ್ನು ಇಟ್ಟುಕೊಂಡಂತಾಯಿತು.

ಚೇತರಿಕೆಯ ಕಾಲಮಾನ

ಮಿದುಳು ಚೇತರಿಸಿಕೊಳ್ಳಬಲ್ಲುದು. ನಿಕೋಟಿನ್ನಿನ ಪ್ರಮಾಣವು ರಕ್ತದಲ್ಲಿ ಸುಮಾರು ಎರಡು ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ನಾಲ್ಕೈದು ಗಂಟೆಗಳಿಗೊಮ್ಮೆ ಅರ್ಧವಾಗುತ್ತ ಒಂದು ಅಹೋರಾತ್ರದಲ್ಲಿ ಬಹುತೇಕ ಹೊರಹೋಗುತ್ತದೆ. ಸಂಕಟದ ಲಕ್ಷಣಗಳಾದ ಸಿಡುಕು, ತಲೆನೋವು, ನಿದ್ರಾಭಂಗ, ಏಕಾಗ್ರತೆಯ ಲೋಪಗಳು ಮೊದಲ ದಿನದಲ್ಲಿಯೇ ಆರಂಭವಾಗಿ ಎರಡನೆಯ ಮತ್ತು ಮೂರನೆಯ ದಿನಗಳಲ್ಲಿ ತುದಿಗೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುವುವು. ಹೆಚ್ಚಿದ್ದ ಗ್ರಾಹಕಗಳು ಸಹಜ ಸಂಖ್ಯೆಗೆ ಮರಳಲು ಆರರಿಂದ ಹನ್ನೆರಡು ವಾರಗಳು ಬೇಕು. ತೆಳುವಾದ ಹೊರಪದರವೂ ಬಿಟ್ಟವರಲ್ಲಿ ವರ್ಷವರ್ಷಕ್ಕೆ ಸ್ವಲ್ಪಸ್ವಲ್ಪವಾಗಿ ಸುಧಾರಿಸುವ ಸೂಚನೆಯನ್ನು ಮೇಲಿನ ಸ್ಕಾಟ್ಲೆಂಡಿನ ಅಧ್ಯಯನವು ಕಂಡಿತು. ಆದರೆ ಪೂರ್ಣ ಚೇತರಿಕೆಗೆ ಸುಮಾರು 25 ವರ್ಷಗಳ ಲೆಕ್ಕವನ್ನು ಅದು ಕೊಟ್ಟಿದೆ. ಬೇಗ ಬಿಟ್ಟಷ್ಟೂ ಲಾಭ.

ಒಂದು ದಿನದ ಉಪವಾಸದಲ್ಲಿ ಹೊಗೆಸೊಪ್ಪನ್ನು ಬಿಟ್ಟವರು ಮರುದಿನ ಸೋಲುವುದೇಕೆಂಬುದು ಈ ಕಾಲಮಾನದಿಂದ ತಿಳಿಯುತ್ತದೆ. ಪಾರಣೆಯ ಹೊತ್ತಿಗೆ ಸರಿಯಾಗಿ ಸಂಕಟವು ಏರತೊಡಗಿರುತ್ತದೆ. ಬಿಡಲು ಒಂದು ದಿನ ಸಾಲದು. ಹತ್ತು ದಿನ ಬೇಕು, ಆ ಹತ್ತರ ಬೆನ್ನಿಗೆ ಹತ್ತು ವಾರ ಬೇಕು.

ನಿಯಮದಿಂದ ಯಮಕ್ಕೆ

ಕಾಲಮಿತಿಯುಳ್ಳ ತ್ಯಾಗವು ನಿಯಮ. ಯಾವಜ್ಜೀವ ತ್ಯಾಗವು ಯಮ ಎಂದು ಸಮಂತಭದ್ರಾಚಾರ್ಯರು ವಿಂಗಡಿಸಿದ್ದಾರೆ. ಚಟವನ್ನು ಬಿಡುವವನಿಗೆ ಈ ವಿಂಗಡಣೆಯೇ ಮೆಟ್ಟಿಲು. ಚಾತುರ್ಮಾಸದ ಪರ್ವಗಳು ಅದಕ್ಕೆ ಹೊಂದಿಕೊಳ್ಳುವಂತಿವೆ.

1. ಆಷಾಢದಿಂದ ಪಕ್ಷಕ್ಕೆ ಎರಡರಂತೆ ತಿಂಗಳಿನ ನಾಲ್ಕು ಅಷ್ಟಮಿ-ಚತುರ್ದಶಿಗಳಲ್ಲಿ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಹೊಗೆಸೊಪ್ಪಿನ ಪೂರ್ಣ ತ್ಯಾಗ. ಆ ದಿನಗಳಲ್ಲಿ ಆರಂಭಕ್ಕೆ ಏಕಾಶನವೇ ಸಾಕು.

2. ಶ್ರಾವಣದಲ್ಲಿ ಉಳಿದ ದಿನಗಳಿಗೂ ಪರಿಮಾಣವನ್ನು ನಿಶ್ಚಯಿಸುವುದು. ದಿನಕ್ಕೆ ಎಷ್ಟು ಎಂಬ ಸಂಖ್ಯೆಯನ್ನು ಮೊದಲೇ ಬರೆದಿಟ್ಟು ವಾರವಾರವೂ ಇಳಿಸಬೇಕು. ಬೆಳಗಿನ ಮೊದಲ ಸೇವನೆಯನ್ನು ದರ್ಶನ-ಸ್ವಾಧ್ಯಾಯಗಳ ಆಚೆಗೆ, ಬಳಿಕ ಮಧ್ಯಾಹ್ನದ ಆಚೆಗೆ ತಳ್ಳಬೇಕು. ಎದ್ದ ಅರ್ಧಗಂಟೆಯೊಳಗೆ ಬೇಕೆನಿಸುವುದು ಚಟದ ಬಲವಾದ ಲಕ್ಷಣವಾದುದರಿಂದ ಈ ತಳ್ಳಿಕೆಯೇ ದೊಡ್ಡ ಸಾಧನೆ.

3. ಭಾದ್ರಪದ ಶುಕ್ಲ ಪಂಚಮಿಯಂದು, ದಶಲಕ್ಷಣ ಪರ್ವದ ಮೊದಲ ದಿನ, ದೇವಗುರುಗಳ ಸನ್ನಿಧಿಯಲ್ಲಿ ಪೂರ್ಣ ತ್ಯಾಗದ ನಿಯಮವನ್ನು ಸ್ವೀಕರಿಸುವುದು. ಮೊದಲ ಮೂರು ದಿನಗಳಲ್ಲಿ ನಿರಾಹಾರ ಉಪವಾಸವನ್ನು ಬೆರೆಸದಿರುವುದು ಲೇಸು. ಏಕಾಶನದಲ್ಲಿದ್ದು, ಮಿತಿಯೊಳಗೆ ನೀರನ್ನು ಚೆನ್ನಾಗಿ ಸ್ವೀಕರಿಸಿ, ಉಪವಾಸದ ಬಲವನ್ನು ಅನಂತಚತುರ್ದಶಿಗೆ ಉಳಿಸಿಕೊಳ್ಳುವುದು ವಿವೇಕ. ಕಠಿಣವಾದ ಎರಡನೆಯ ಮತ್ತು ಮೂರನೆಯ ದಿನಗಳು ಉತ್ತಮ ಮಾರ್ದವ, ಉತ್ತಮ ಆರ್ಜವಗಳ ದಿನಗಳು. ತನಗೆ ನೆರವು ಬೇಕೆಂದು ಒಪ್ಪುವ ವಿನಯವೂ ಮನೆಯವರಿಂದ ಏನನ್ನೂ ಮರೆಮಾಡದ ಸರಳತೆಯೂ ಅಂದೇ ಹೆಚ್ಚು ಬೇಕಾಗುವುವು.

4. ಅನಂತಚತುರ್ದಶಿಯಿಂದ ಕಾರ್ತಿಕ ಪೂರ್ಣಿಮೆಯವರೆಗೆ ನಿಯಮದ ಮುಂದುವರಿಕೆ. ಪಂಚಮಿಯಿಂದ ಎಣಿಸಿದರೆ ಸುಮಾರು 70 ದಿನ, ಎಂದರೆ ಹತ್ತು ವಾರ. ಗ್ರಾಹಕಗಳು ಮರಳಿ ಸಹಜವಾಗುವ ಕಾಲವು ಈ ಅವಧಿಯೊಳಗೇ ಬರುತ್ತದೆ.

5. ಕಾರ್ತಿಕದ ಅಷ್ಟಾಹ್ನಿಕ ಪರ್ವದ ಮುಕ್ತಾಯದಂದು ನಿಯಮವನ್ನು ಯಮವಾಗಿ ಮಾಡಿಕೊಳ್ಳುವುದು.

ತವಕವು ಎದ್ದಾಗ ಅದು ಕೆಲವೇ ನಿಮಿಷ ನಿಲ್ಲುತ್ತದೆ. 27 ಉಚ್ಛ್ವಾಸಗಳಲ್ಲಿ ಒಂಬತ್ತು ಬಾರಿ ಣಮೋಕಾರವನ್ನು ಸ್ಮರಿಸುವ ಕಾಯೋತ್ಸರ್ಗವನ್ನು ಎರಡು ಮೂರು ಬಾರಿ ಮಾಡುವಷ್ಟರಲ್ಲಿ ಅಲೆಯು ಇಳಿಯುತ್ತದೆ. ಸೇದುತ್ತಿದ್ದವರು ಕಾಫಿಯನ್ನು ಅರ್ಧಕ್ಕಿಳಿಸಬೇಕು. ಹೊಗೆಯು ನಿಂತ ಮೇಲೆ ಯಕೃತ್ತು ಕಾಫಿಯ ಸತ್ತ್ವವನ್ನು ನಿಧಾನವಾಗಿ ಕರಗಿಸುವುದರಿಂದ ಅದೇ ಎರಡು ಲೋಟಗಳೇ ಎದೆಬಡಿತವನ್ನು ಹೆಚ್ಚಿಸುವುವು. ಮಧುಮೇಹ, ಹೃದ್ರೋಗಗಳುಳ್ಳವರು ವೈದ್ಯರನ್ನು ಕೇಳಿಯೇ ಉಪವಾಸವನ್ನು ಕೈಗೊಳ್ಳಬೇಕು. ವೈದ್ಯರು ಸೂಚಿಸುವ ನಿಕೋಟಿನ್ ಗಮ್ಮು ಔಷಧ. ಪ್ರಮಾಣವನ್ನು ಇಳಿಸುತ್ತ ಬಿಡುವುದಕ್ಕಾಗಿಯೇ ಅದು ಇರುವುದು. ಅದನ್ನು ಬಳಸುವವನು ನಾಚಬೇಕಾಗಿಲ್ಲ. ಆದರೆ ಅದೂ ಸ್ವಾದ್ಯವೇ ಆದುದರಿಂದ ಅಂದು ಏಕಾಶನಾದಿಗಳನ್ನು ಆರಿಸಿಕೊಂಡು ಗುರುಗಳ ಅನುಮತಿಯನ್ನು ಪಡೆಯಬೇಕು. ಚಟವನ್ನು ಬಿಡುವವರಿಗೆ ಸರಕಾರದ ಉಚಿತ ದೂರವಾಣಿ ಸಲಹೆಯು 1800-11-2356ರಲ್ಲಿ ದೊರೆಯುತ್ತದೆ. ದಕ್ಷಿಣದ ಭಾಷೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯಲ್ಲಿ ಪಾಲುಗೊಂಡಿದೆ.

ನಡುವೆ ಎಡವಿದರೆ? ಅಮಿತಗತಿ ಆಚಾರ್ಯರು ದೋಷಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಮನಸ್ಸಿನ ಶುದ್ಧಿಯು ಕೆಡುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯದಲ್ಲಿ ತೊಡಗುವುದು ಅತಿಚಾರ. ಅದರಲ್ಲಿಯೇ ಅತ್ಯಾಸಕ್ತನಾಗುವುದು ಅನಾಚಾರ. ಬೇಕೆನಿಸಿದ್ದು ಅತಿಕ್ರಮ, ಅಂಗಡಿಯತ್ತ ಹೆಜ್ಜೆಯಿಟ್ಟದ್ದು ವ್ಯತಿಕ್ರಮ, ಒಮ್ಮೆ ಸೇದಿದ್ದು ಅತಿಚಾರ, ಒಮ್ಮೆ ಹೋದದ್ದು ಹೋಯಿತೆಂದು ಹಳೆಯ ಲೆಕ್ಕಕ್ಕೇ ಮರಳಿದ್ದು ಅನಾಚಾರ. ಮೊದಲ ಮೂರಕ್ಕೆ ಆಲೋಚನೆ-ಪ್ರತಿಕ್ರಮಣಗಳೆಂಬ ಪರಿಹಾರವಿದೆ. ಅದೇ ದಿನ ನಿಯಮವನ್ನು ಮತ್ತೆ ಹಿಡಿಯಬೇಕು. ಒಂದು ಬೀಡಿಯಿಂದ ಮಿದುಳಿನ ಆರು ವಾರಗಳ ಚೇತರಿಕೆಯೆಲ್ಲ ಅಳಿಯುವುದಿಲ್ಲ. ಆದರೆ ಎರಡನೆಯ ಬೀಡಿಯ ದಾರಿಯು ಸುಗಮವಾಗುತ್ತದೆ.

ಮನೆ ಮತ್ತು ಅಂಗಡಿ

ಶ್ರಾವಿಕೆಯರ ಪಾತ್ರವು ಇಲ್ಲಿ ದೊಡ್ಡದು. ಮೊದಲ ವಾರದ ಸಿಡುಕನ್ನು ಸ್ವಭಾವವೆಂದು ತಿಳಿಯದೆ ಸಂಕಟವೆಂದು ತಿಳಿದು ಸಹಿಸಿದರೆ ಅರ್ಧ ಗೆಲುವು. ಮನೆಯೊಳಗಿನ ಹೊಗೆಯು ಮಕ್ಕಳ ಉಸಿರನ್ನೂ ಸೇರುತ್ತದೆ; ಗರ್ಭಿಣಿಯ ದೇಹದ ನಿಕೋಟಿನ್ ಶಿಶುವಿನ ಮಿದುಳನ್ನೂ ಮುಟ್ಟುತ್ತದೆ.

ವ್ಯಾಪಾರದ ಮಾತನ್ನೂ ಬಿಡುವಂತಿಲ್ಲ. ವಿಷವಾಣಿಜ್ಯವು ಶ್ರಾವಕನು ಬಿಡತಕ್ಕ ಖರಕರ್ಮಗಳಲ್ಲಿ ಎಣಿಕೆಯಾಗಿದೆ. 2003ರ ಕೇಂದ್ರ ಕಾಯಿದೆಯು ಶಾಲೆಗಳಿಂದ ನೂರು ಗಜದೊಳಗೆ ಹೊಗೆಸೊಪ್ಪಿನ ಮಾರಾಟವನ್ನು ನಿಷೇಧಿಸಿದೆ. ಆ ನೂರು ಗಜದ ಆಚೆಗೆ ಮಾರಿದರೆ ಕಾನೂನಿನ ದೋಷವಿಲ್ಲದಿರಬಹುದು. ವ್ರತಕ್ಕೆ ಗಜದ ಅಳತೆಯಿಲ್ಲ. ಕಿರಾಣಿಯ ಮೂಲೆಯಲ್ಲಿ ಬೀಡಿಕಟ್ಟನ್ನಿಟ್ಟು ಸಂಜೆ ಬಸದಿಯಲ್ಲಿ ಆರತಿ ಬೆಳಗುವ ವ್ಯಾಪಾರಿಯು, ಗಿರಾಕಿ ತಪ್ಪಿಹೋಗುವನೆಂಬ ಭಯವನ್ನು ಒಮ್ಮೆ ತೂಗಿ ನೋಡತಕ್ಕದ್ದು. ಆ ಮೂಲೆಯನ್ನು ತೆರವು ಮಾಡುವುದೂ ಒಂದು ಪರಿಗ್ರಹಪರಿಮಾಣವೇ ಆಗಿದೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಕಡ್ಡಿಪುಡಿಯು ಚತುರ್ವಿಧ ಆಹಾರದಲ್ಲಿ ಯಾವುದಕ್ಕೆ ಸೇರುವುದು? ಏಕೆ?
2. ಮಿದುಳಿನ ಶಕ್ತಿಗೆ ಬೇಕಾದ ಮೂರು ಅಂಗಗಳಾವುವು? ಸೇದುವವನಿಗೂ ಅಗಿಯುವವನಿಗೂ ಅವುಗಳಲ್ಲಿ ಆಗುವ ಹಾನಿಯ ಭೇದವೇನು?
3. ನಿಕೋಟಿನ್ನಿನಿಂದ ಹಸಿವು ಅಡಗಿದ ಉಪವಾಸವು ಅನಶನತಪಸ್ಸಾಗದೆ ಹೋಗುವುದೇಕೆ?
4. ತ್ಯಾಗದ ನಿಯಮವನ್ನು ಒಂದು ದಿನಕ್ಕೆ ಬದಲಾಗಿ ದಶಲಕ್ಷಣ ಪರ್ವದ ಹತ್ತು ದಿನಗಳಿಗೆ ಸ್ವೀಕರಿಸುವುದರಿಂದ ಶರೀರದ ದೃಷ್ಟಿಯಲ್ಲಿ ಆಗುವ ಲಾಭವೇನು?
5. ಅತಿಚಾರಕ್ಕೂ ಅನಾಚಾರಕ್ಕೂ ಇರುವ ಅಂತರವನ್ನು ಹೊಗೆಸೊಪ್ಪಿನ ಉದಾಹರಣೆಯಿಂದ ವಿವರಿಸಿರಿ.